ಹಿಂದಿನ ಕೋಣೆಯ ಸಾಮಾನು

ಅತ್ತೆಯ ಮನೆ, ಮಹಡಿ ಕೋಣೆ
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮೊದಲು ನಿನ್ನ ಕೈ ಹೇಗಿದೆ ಹೇಳು. ಏನೂ ಆಗಿಲ್ಲ ಅಂತ ಬರೆಯಬೇಡ, ನಾನು ನಂಬುವುದಿಲ್ಲ. ಹೋದ ಪತ್ರದಲ್ಲಿ ನಿನ್ನ ಅಕ್ಷರಗಳೆಲ್ಲ ಎಡಕ್ಕೆ ವಾಲಿಕೊಂಡಿದ್ದವು, ಸಾಲು ಮುಗಿಯುವ ಹೊತ್ತಿಗೆ ಸುಸ್ತಾಗಿ ಕೆಳಗೆ ಜಾರಿದ್ದವು, ಹಾಳೆಯ ಮೂಲೆಯಲ್ಲಿ ಮುಲಾಮಿನ ಹಳದಿ ಕಲೆ ಬೇರೆ. ಹಡಗಿನ ಅಡುಗೆಮನೆಯಲ್ಲಿ ಮತ್ತೆ ಕೈ ಸುಟ್ಟುಕೊಂಡಿದ್ದೀಯ, ಬಟ್ಟೆ ಸುತ್ತಿಕೊಂಡೇ ಪೆನ್ನು ಹಿಡಿದಿದ್ದೀಯ, ಆಮೇಲೆ "ಇಲ್ಲಿ ಎಲ್ಲಾ ಆರಾಮ" ಅಂತ ಬುರುಡೆ ಬಿಟ್ಟಿದ್ದೀಯ. ಹೌದು ತಾನೆ? ನಾನು ಇದನ್ನು ಓದಿ ಹೇಳಿದಾಗ ಅತ್ತೆ ಹೆದರಿ ಎರಡು ಸಲ ಕನ್ನಡಕ ಒರೆಸಿಕೊಂಡು ಆ ಹಾಳೆಯನ್ನೇ ನೋಡಿದರು. ಆಮೇಲೆ "ಹೆತ್ತ ಅಪ್ಪನನ್ನೂ ಬಿಡಲ್ವಲ್ಲೇ ನೀನು" ಅಂತ ನನಗೇ ಬೈದರು. ಅವರ ಸೊಂಟನೋವು ಹಾಗೇ ಇದೆ, ಬಾಯಿ ಅದಕ್ಕಿಂತ ಗಟ್ಟಿಯಾಗಿದೆ. ನಿನ್ನ ಅಕ್ಕ ಅಲ್ಲವಾ, ನಿನಗೆ ಬೇರೆ ಹೇಳಬೇಕಾಗಿಲ್ಲ. ನನಗೆ ನಡುವೆ ಜ್ವರ ಬಂದು ಹೋಯಿತು, ಈಗ ಗುಂಡುಕಲ್ಲಿನ ಹಾಗಿದ್ದೀನಿ.

ನೀನು ಕೇಳಿದ್ದೆಯಲ್ಲ, "ಅದೆಂಥ ಕೆಲಸ, ಯಾರ ಹತ್ತಿರ, ಅವನಿಗೆ ಏನೂ ಗೊತ್ತಿಲ್ಲದ ನೀನೇ ಯಾಕೆ ಬೇಕಾದೆ?" ಅಂತ. ನಿಜ ಹೇಳಲಾ, ಆ ಕೊನೆಯ ಪ್ರಶ್ನೆ ನನ್ನ ತಲೆಯನ್ನೂ ತಿನ್ನುತ್ತಿತ್ತು. ಫ್ರೇಮ್ ಹಾಕುವ ಅಂಗಡಿ ಮುಚ್ಚಿದ ಮೇಲೆ ನಾನು ಎಷ್ಟು ಬಾಗಿಲು ತಟ್ಟಿದೆ ಅಂತ ನಿನಗೆ ಬರೆದಿರಲಿಲ್ಲ, ನೀನು ಅಲ್ಲಿ ಕೂತು ಕೊರಗುತ್ತೀಯ ಅಂತ. ಕೊನೆಗೆ ಹಳೆಯ ಪೀಠೋಪಕರಣ ಮಾರುವ ಬೀದಿಯಲ್ಲಿ, ಗಡಿಯಾರ ರಿಪೇರಿ ಅಂಗಡಿಯ ಮೇಲೆ ಒಂದು ಬೋರ್ಡು ಕಂಡಿತು: ಆಸ್ತಿ ಮೌಲ್ಯಮಾಪಕರು. ಅಷ್ಟು ದೊಡ್ಡ ಮಾತಿಗೆ ನಮ್ಮ ಬೀದಿಯ ಭಾಷೆಯಲ್ಲಿ ಬೆಲೆ ಕಟ್ಟುವವರು ಅಂತ ಅರ್ಥ. ಯಾರಾದರೂ ತೀರಿಕೊಂಡರೆ ಅವರ ಮನೆಯಲ್ಲಿ ಏನಿದೆ, ಯಾವುದು ನಿಜವಾದ ಹಳೆಯದು, ಯಾವುದು ಹಳೆಯದರ ವೇಷ ಹಾಕಿದ ಹೊಸದು, ಯಾವುದು ಎಷ್ಟು ಬಾಳುತ್ತೆ ಅಂತ ನೋಡಿ ಹೇಳಬೇಕು. ಆಮೇಲೆ ವಾರಸುದಾರರು ಹಂಚಿಕೊಳ್ಳುತ್ತಾರೆ, ಇಲ್ಲವೇ ಜುಟ್ಟು ಹಿಡಿದುಕೊಳ್ಳುತ್ತಾರೆ.

ಯಜಮಾನರಿಗೆ ಆ ಬೀದಿಯಲ್ಲಿ ಭೂತಗನ್ನಡಿ ಅಂತಲೇ ಹೆಸರು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಭೂತಗನ್ನಡಿ ಸದಾ ನೇತಾಡುತ್ತಿರುತ್ತೆ. ಅತ್ತೆ ಒಂದು ಸಲ ನೋಡಿ ಬಂದು, "ಕನ್ನಡಿ ವಿಷಯ ಗೊತ್ತಿಲ್ಲಪ್ಪ, ಭೂತ ಅನ್ನೋದು ಮಾತ್ರ ಸರಿಯಾಗಿದೆ" ಅಂದರು. ಉದ್ದಕ್ಕೆ, ಒಣಕಲಾಗಿ ಇದ್ದಾರೆ. ಹೊರಗೆ ಹೊರಟರೆ ಕಳ್ಳಸಾಗಣೆಯವರ ಹಾಗೆ ಕಪ್ಪು ಕನ್ನಡಕ. ಆಫೀಸಿನ ಕಿಟಕಿಗೆ ಹಗಲಲ್ಲೂ ಪರದೆ. ನಾನು ಕೆಲಸ ಕೇಳಿದಾಗ ಎಲ್ಲಿ ಓದಿದೆ, ಏನು ಓದಿದೆ ಅಂತ ಒಂದು ಮಾತು ಕೇಳಲಿಲ್ಲ. "ಈ ಮೇಜಿನ ಮೇಲೆ ಏನೇನಿದೆ, ಹೇಳು" ಅಂದರು. ನಾನು ಇದ್ದದ್ದನ್ನೆಲ್ಲ ಹೇಳಿದೆ. ಹಿತ್ತಾಳೆಯ ಶಾಯಿಕುಡಿಕೆ, ಅದರ ಮುಚ್ಚಳದ ಹಿಡಿ ಮಾತ್ರ ಬೇರೆ ಲೋಹದ್ದು, ಯಾರೋ ಆಮೇಲೆ ಕೂಡಿಸಿದ್ದಾರೆ, ಬೆಸುಗೆಯೂ ಸರಿಯಾಗಿಲ್ಲ ಅಂದೆ. ಅವರು ಕೈ ಚಾಚಿ ಆ ಹಿಡಿಯನ್ನು ಸವರಿ, "ನಾಳೆಯಿಂದ ಬಾ" ಅಂದರು. ನಾನು ಖುಷಿಯಿಂದ ಮೆಟ್ಟಿಲು ಇಳಿದೆ. ಬೀದಿ ತುದಿಗೆ ಬರುವಷ್ಟರಲ್ಲಿ ಖುಷಿಯ ಜಾಗದಲ್ಲಿ ಅನುಮಾನ ಬಂದು ಕೂತಿತ್ತು. ಇಷ್ಟು ಸುಲಭವಾಗಿ ಯಾರು ಯಾರಿಗೆ ಕೆಲಸ ಕೊಡುತ್ತಾರೆ ಅಪ್ಪಾ?

ಆಮೇಲೆ ಅವರ ರೀತಿ ನೋಡಿದಷ್ಟೂ ಅನುಮಾನ ಬಲಿಯಿತು. ಬಂದ ಕಾಗದ ಏನೇ ಇರಲಿ, "ಓದು" ಅಂತ ನನ್ನ ಕಡೆ ತಳ್ಳುತ್ತಾರೆ. ಯಾರ ಮನೆಗೆ ಹೋದರೂ, "ನೀನು ನೋಡು, ನೋಡಿದ್ದನ್ನ ಜೋರಾಗಿ ಹೇಳ್ತಾ ಹೋಗು, ಹೇಳಿದರೇ ಕಲಿಯೋದು" ಅನ್ನುತ್ತಾರೆ. ತಾವು ಮರದ ಮೇಲೆ ಬೆರಳಾಡಿಸುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಕೊಡುತ್ತಾರೆ, ಪಿಂಗಾಣಿ ಬಟ್ಟಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ, ಆಮೇಲೆ ಭೂತಗನ್ನಡಿ ಎತ್ತಿ ಸುಮ್ಮನೆ ಒಂದು ಶಾಸ್ತ್ರ ಮಾಡಿದ ಹಾಗೆ ಹಿಡಿದು ಇಳಿಸುತ್ತಾರೆ. ಆದರೆ ಹೇಳಿದ ಬೆಲೆ ಮಾತ್ರ ಯಾವತ್ತೂ ತಪ್ಪಲಿಲ್ಲ. ಇದು ವಿದ್ಯೆಯೋ, ಮೊದಲೇ ಯಾರ ಜೊತೆಗೋ ಮಾತಾಡಿಕೊಂಡು ಬಂದದ್ದೋ ಅಂತ ನನಗೆ ಬಗೆಹರಿಯಲಿಲ್ಲ.

ಅದರ ಜೊತೆಗೆ ನಾವು ಹೋಗುವ ಮನೆಗಳು. ಅಲ್ಲಿ ಎಲ್ಲರೂ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾರೆ. ಒಂದು ಮನೆಯಲ್ಲಿ ಇಬ್ಬರು ವಾರಗಿತ್ತಿಯರು ಬೇರೆ ಬೇರೆಯಾಗಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಇನ್ನೊಬ್ಬಳು ಬೆಳ್ಳಿಯ ತಟ್ಟೆ ಬಚ್ಚಿಟ್ಟಿದ್ದಾಳೆ ಅಂತ ಕಣ್ಣಾಣೆ ಮಾಡಿ ಹೇಳಿದರು. ತಟ್ಟೆ ಸಿಕ್ಕಿದ್ದು ಒಲೆಯ ಹಿಂದೆ, ತಾನೇ ಬಿದ್ದು ಮಸಿ ಹಿಡಿದುಕೊಂಡು. ಇನ್ನೊಂದು ಮನೆಯಲ್ಲಿ ನಾನು ಹೊರಡುವಾಗ ಚೀಲ ತೋರಿಸು ಅಂದರು. ಸಿಟ್ಟು ಬಂತು. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಅತ್ತೆಯ ಕೈಬಳೆ ಹೋದ ವಾರದ್ದೇನಾ ಅಂತ ನಾನೇ ನೋಡುತ್ತಿದ್ದೆ! ಕೆಲಸ ಮೈಗೆ ಹತ್ತುವುದು ಅಂದರೆ ಹೀಗೇ ಇರಬೇಕು.

ಈಗ ಅಸಲು ವಿಷಯಕ್ಕೆ ಬರುತ್ತೀನಿ. ಹೋದ ತಿಂಗಳು, ತೀರಿಕೊಂಡ ಒಬ್ಬ ಹಲ್ಲಿನ ಡಾಕ್ಟರ ಮನೆಯ ಕೆಲಸ ಬಂತು. ಮುಂದುಗಡೆ ಅವರ ಹಳೆಯ ಕ್ಲಿನಿಕ್ಕು, ಅದರ ಹಿಂದೆ ದೊಡ್ಡ ಹಾಲ್, ಅದಾದ ಮೇಲೆ ಮಲಗುವ ಕೋಣೆಗಳು, ಕಟ್ಟಕಡೆಗೆ ಹಿತ್ತಲಿಗೆ ಬಾಗಿಲಿರುವ ಒಂದು ಹಿಂದಿನ ಕೋಣೆ. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಮಕ್ಕಳಿಬ್ಬರು, ಮಗ ದೊಡ್ಡವನು, ಮಗಳು ಚಿಕ್ಕವಳು. ಇಬ್ಬರೂ ಬೇರೆ ಮನೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಡಾಕ್ಟರು ಹಾಸಿಗೆ ಹಿಡಿದ ವರ್ಷಗಳಲ್ಲಿ ನೋಡಿಕೊಂಡದ್ದು ಒಬ್ಬ ಹೆಂಗಸು. ನರ್ಸಿಂಗ್ ಓದಿದವಳಲ್ಲ, ಆದರೆ ಡಾಕ್ಟರು ನರ್ಸಮ್ಮ ಅಂತ ಕರೆದದ್ದೇ ಹೆಸರಾಯಿತು. ಹಿಂದಿನ ಕೋಣೆ ಅವಳದ್ದು. ಡಾಕ್ಟರು ಉಯಿಲಿನಲ್ಲಿ, ಹಿಂದಿನ ಕೋಣೆಯಲ್ಲಿರುವ ಸಾಮಾನೆಲ್ಲ ನರ್ಸಮ್ಮನಿಗೆ, ಮಿಕ್ಕಿದ್ದು ಮಕ್ಕಳಿಗೆ ಅಂತ ಬರೆಸಿದ್ದರು. ಇಷ್ಟೇ. ಈ ಒಂದು ಮಾತಿಗೆ ಅಣ್ಣ ತಂಗಿ ಮೊದಲ ಸಲ ಒಂದಾದರು. ಮುದುಕನ ಕೊನೆಗಾಲದಲ್ಲಿ ನರ್ಸಮ್ಮ ಮನೆಯ ಒಳ್ಳೊಳ್ಳೆಯ ವಸ್ತುಗಳನ್ನೆಲ್ಲ ತನ್ನ ಕೋಣೆಗೆ ಸಾಗಿಸಿಕೊಂಡಿದ್ದಾಳೆ, ನೀವು ಕಂಡುಹಿಡಿಯಬೇಕು ಅಂತ ನಮಗೆ ಹೇಳಿದರು.

ಮೊದಲ ಸಲ ಸರ್ ಒಬ್ಬರೇ ಹೋಗಿ ಬಂದಿದ್ದರು, ನನಗೆ ಆಗ ಜ್ವರ. ಎರಡನೇ ಸಲ ನಾನೂ ಹೋದೆ. ಮಗ ಬಾಗಿಲಲ್ಲೇ ಕಾಯುತ್ತಿದ್ದ. ಸರ್ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಮದುವೆ ಗಂಡನ್ನು ಕರೆದುಕೊಂಡು ಹೋಗುವ ಹಾಗೆ ಒಳಗೆ ಕರೆದುಕೊಂಡು ಹೋದ. ಹಾಲ್‌ನಲ್ಲಿ ಗೋಡೆಗೆ ಒತ್ತಿಕೊಂಡು ಒಂದು ಬೀರು ನಿಂತಿತ್ತು. ಅಪ್ಪಾ, ನೀನು ನೋಡಬೇಕಿತ್ತು! ನನಗಿಂತ ಎತ್ತರ, ಮೇಲೆ ಅಲೆಅಲೆಯಾದ ಹಳೇಕಾಲದ ಗಾಜು, ಕೆಳಗೆ ಪೂರ್ತಿ ಪುಟ್ಟ ಪುಟ್ಟ ಡ್ರಾಯರುಗಳು. ಹಿಂದಿನ ಕಾಲದ ಹಲ್ಲಿನ ಡಾಕ್ಟರುಗಳು ಇಕ್ಕಳ, ಸೂಜಿ ಎಲ್ಲ ಇಡುತ್ತಿದ್ದ ಬೀರು ಅದು. ಡ್ರಾಯರು ಎಳೆದರೆ ಬೆಣ್ಣೆಯಲ್ಲಿ ಚಾಕು ಓಡಿದ ಹಾಗೆ ಬರುತ್ತಿತ್ತು. ಮನೆಯ ಮಿಕ್ಕ ಸಾಮಾನನ್ನೆಲ್ಲ ತಕ್ಕಡಿಯ ಒಂದು ಕಡೆ ಇಟ್ಟು, ಇದೊಂದನ್ನೇ ಇನ್ನೊಂದು ಕಡೆ ಇಟ್ಟರೂ ಇದೇ ತೂಗುತ್ತಿತ್ತು. "ಹಾಲ್‌ನ ಬೀರು" ಅಂತ ಮಗ ಹೇಳಿದ, ಯಾರೂ ಕೇಳದೆ ಇದ್ದರೂ. ಸ್ವಲ್ಪ ಹೊತ್ತಿಗೆ ಮತ್ತೆ ಹೇಳಿದ. ಕೇಳದೆ ಇದ್ದದ್ದನ್ನು ಎರಡು ಸಲ ಹೇಳುವವರ ಮೇಲೆ ನನಗೆ ಸುಮ್ಮನೆ ಅನುಮಾನ ಬರುತ್ತೆ.

ಆದರೆ ಅವತ್ತು ನನ್ನ ದೊಡ್ಡ ಅನುಮಾನ ಇದ್ದದ್ದು ನರ್ಸಮ್ಮನ ಮೇಲೆಯೇ. ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಅಳಲಿಲ್ಲ, ಜಗಳಕ್ಕೆ ಬರಲಿಲ್ಲ, ಒಳಗೆ ಬನ್ನಿ ಅಂತಲೂ ಅನ್ನಲಿಲ್ಲ. ಇಷ್ಟು ತಣ್ಣಗಿರುವವರು ಏನನ್ನೋ ಮುಚ್ಚಿಟ್ಟಿರಲೇಬೇಕು ಅಂದುಕೊಂಡೆ. ಕೋಣೆಯಲ್ಲಿ ಒಂದು ಮಂಚ, ಹೊಲಿಗೆ ಯಂತ್ರ, ಒಂದು ಸ್ಟೂಲು, ಬೀಗ ಹಾಕಿದ ಟ್ರಂಕು. ನನ್ನ ಕಣ್ಣು ಟ್ರಂಕಿನ ಮೇಲೆ. ತೆಗೆಯಿರಿ ಅಂದೆ. ಅವಳು ತೆಗೆದಳು. ಸೀರೆಗಳು, ಒಂದೆರಡು ಬಿಳಿ ಏಪ್ರನ್ನು, ತಳದಲ್ಲಿ ಗಂಡಸರ ಕರವಸ್ತ್ರದಲ್ಲಿ ಸುತ್ತಿದ ಗಟ್ಟಿಯಾದದ್ದೊಂದು. ಹಿಂದೆ ನಿಂತಿದ್ದ ಮಗಳು "ಅದೇ, ಅದೇ, ನಾನು ಹೇಳಲಿಲ್ವಾ!" ಅಂದಳು. ನಾನು ಬಿಚ್ಚಿದೆ. ಒಂದು ಕಟ್ಟಿಸಿದ ಹಲ್ಲಿನ ಸೆಟ್ಟು. ನಗು ಬಂದರೂ ನಗಲಾರದ ಹಾಗಾಯಿತು. ನರ್ಸಮ್ಮ ನನ್ನನ್ನು ಮಾತ್ರ ನೋಡಿಕೊಂಡು, "ಹಲ್ಲು ಹಾಕ್ಕೊಳ್ಳದೆ ಅವರು ಯಾರಿಗೂ ಮುಖ ತೋರಿಸ್ತಿರಲಿಲ್ಲ. ಕೊನೇಲಿ ಹಾಕಿ ಕಳಿಸೋಣ ಅಂತ ಬಂದೆ. ನನ್ನನ್ನ ಆಚೆ ನಿಲ್ಲಿಸಿ ಬಾಗಿಲು ಹಾಕ್ಕೊಂಡರು" ಅಂದಳು. ಮಗಳು ಗೋಡೆ ಕಡೆ ತಿರುಗಿಕೊಂಡಳು. ನಾನು ಕರವಸ್ತ್ರ ಮತ್ತೆ ಸುತ್ತಿ ಇದ್ದ ಕಡೆಯೇ ಇಟ್ಟೆ.

ಮಗಳು ತಿರುಗಿಕೊಂಡ ಆ ಗೋಡೆಯೇ ನನ್ನ ಕಣ್ಣು ತೆರೆಸಿತು. ಕೋಣೆಗೆ ಹಿತ್ತಲಿನ ಬಿಸಿಲು ಚೆನ್ನಾಗಿ ಬೀಳುತ್ತೆ, ಹಸಿರು ಬಣ್ಣ ಮಾಸಿ ಬೂದಿಯ ಹಾಗಾಗಿದೆ. ಆದರೆ ಮಂಚದ ಮೇಲ್ಗಡೆ ಒಂದು ಕಡೆ ಮಾತ್ರ ನೆಟ್ಟಗೆ, ಎತ್ತರಕ್ಕೆ, ಇನ್ನೂ ಎಳೆ ಹಸಿರು. ಫೋಟೋ ಇಳಿಸಿದ ಮೇಲೆ ಗೋಡೆ ಹೇಗಿರುತ್ತೆ ಅಂತ ಅಷ್ಟು ವರ್ಷ ಫ್ರೇಮ್ ಅಂಗಡಿಯಲ್ಲಿ ದುಡಿದವಳಿಗೆ ಗೊತ್ತಿಲ್ಲವಾ? ಆದರೆ ಇಷ್ಟು ದೊಡ್ಡ ಫೋಟೋ ಎಲ್ಲಿರುತ್ತೆ? ಮಂಚ ಜರುಗಿಸಿದೆ. ಹಲಗೆಯ ನೆಲದಲ್ಲಿ ಭಾರದ ಕಾಲು ಊರಿ ಊರಿ ಬಿದ್ದ ಗುಳಿಗಳು. ಅಲ್ಲಿಂದ ಬಾಗಿಲವರೆಗೂ ಎಳೆದ ಗೀರು, ಅದರ ಮೇಲೆ ಯಾರೋ ಮೇಣ ತಿಕ್ಕಿ ಮುಚ್ಚಲು ನೋಡಿದ್ದಾರೆ. ಈ ಕೋಣೆಗೆ ಏನೋ ಬಂದಿಲ್ಲ ಅಪ್ಪಾ. ಈ ಕೋಣೆಯಿಂದ ಏನೋ ಹೋಗಿದೆ. ನಾನು ನರ್ಸಮ್ಮನ ಮುಖ ನೋಡಿದೆ. ಅವಳು ತಲೆ ಆಡಿಸಲೂ ಇಲ್ಲ. ಆಮೇಲೆ ಗೊತ್ತಾಯಿತು, ಬಾಯಿ ಬಿಟ್ಟರೆ ಕಳ್ಳತನದ ಕೇಸು ಹಾಕಿಸುತ್ತೀನಿ ಅಂತ ಮಗ ಹೇಳಿದ್ದನಂತೆ.

ಹಾಲ್‌ಗೆ ವಾಪಸು ಬಂದೆವು. ಮೋಡ ಕವಿದು ಕತ್ತಲಾಗಿತ್ತು. ಮಗಳು ದೀಪ ಹಾಕೋಣ ಅಂತ ಆ ಬೀರಿನ ಪಕ್ಕಕ್ಕೆ ಹೋಗಿ ಅದರ ಹಿಂದೆ ಕೈ ತೂರಿಸಿದಳು. "ಸ್ವಿಚ್ಚು ಇಲ್ಲೇ ಇತ್ತಲ್ಲ, ಚಿಕ್ಕವಳಿದ್ದಾಗಿಂದ ಇಲ್ಲೇ" ಅಂದಳು. ಅಣ್ಣ ದೂರದಿಂದಲೇ, "ಆ ದೀಪ ಕೆಟ್ಟಿದೆ, ಬಿಡು" ಅಂದ. ದಿನಾ ಬೇಕಾಗುವ ಸ್ವಿಚ್ಚಿಗೆ ಅಡ್ಡವಾಗಿ ಯಾರಾದರೂ ವರ್ಷಾನುಗಟ್ಟಲೆ ಬೀರು ಇಟ್ಟುಕೊಳ್ಳುತ್ತಾರಾ? ನಾನು ಸರ್ ಹತ್ತಿರ ಹೋಗಿ ಮೆಲ್ಲಗೆ, "ಸರ್, ಒಂದು ಸಲ ಹಿಂದಿನ ಕೋಣೆಯ ಗೋಡೆ ನೋಡಿ ಬನ್ನಿ" ಅಂದೆ. ಅವರು ಅಲ್ಲಾಡಲಿಲ್ಲ. "ಬೇಡ. ಬೀರು ಹಾಲ್‌ನಲ್ಲಿತ್ತು ಅಂತ ಹೋದ ಸಲವೇ ಉಯಿಲಿನ ವಕೀಲರಿಗೆ ಹೇಳಿಯಾಗಿದೆ" ಅಂದರು. ಹೊರಡುವಾಗ ಮಗ ಅವರ ಹೆಗಲ ಮೇಲೆ ಕೈ ಹಾಕಿಕೊಂಡು ಗೇಟಿನವರೆಗೂ ಬಂದು ಕಿವಿಯಲ್ಲಿ ಏನೋ ಹೇಳಿದ. ಸರ್ ಮುಖ ಸುಣ್ಣದ ಹಾಗಾಯಿತು. ಬೀದಿಯಲ್ಲಿ ನಾನು ಗುಳಿ, ಗೀರು, ಸ್ವಿಚ್ಚು ಎಲ್ಲ ಒಂದೇ ಉಸಿರಿಗೆ ಹೇಳಿದೆ. "ನಾಳೆವರೆಗೂ ಬಾಯಿ ಮುಚ್ಚಿಕೊಂಡಿರು" ಅಂದರು, ಅಷ್ಟೇ.

ಇನ್ನೇನು ಬೇಕು? ಇಬ್ಬರೂ ಸೇರಿಕೊಂಡಿದ್ದಾರೆ ಅಂತ ತೀರ್ಮಾನ ಮಾಡಿಬಿಟ್ಟೆ. ಹಿಂದಿನದೆಲ್ಲ ಸಾಲಾಗಿ ಕೂಡಿಕೊಂಡಿತು. ನೋಡದೆ ಬೆಲೆ ಹೇಳುವುದು, ಕತ್ತಲೆ ಆಫೀಸು, ಕಪ್ಪು ಕನ್ನಡಕ, ಏನೂ ಗೊತ್ತಿಲ್ಲದವಳನ್ನೇ ಹುಡುಕಿ ಇಟ್ಟುಕೊಂಡದ್ದು. ಏನೂ ಗೊತ್ತಿಲ್ಲದವಳು ಏನೂ ಕೇಳುವುದಿಲ್ಲ ಅಂತ ತಾನೆ! ಮನೆಗೆ ಬಂದು ಅತ್ತೆಗೆ ಹೇಳಿದರೆ, ಅವರು ಈ ಮಾತಿಗೇ ಕಾಯುತ್ತಿದ್ದವರ ಹಾಗೆ "ನಾಳೆ ಆ ಆಫೀಸಿನ ಕೀಲಿಕೈ ಮುಖದ ಮೇಲೆ ಎಸೆದು ಬಾ" ಅಂದರು.

ಮಾರನೆಯ ದಿನ ಹೋದೆ. ಸರ್ ಒಬ್ಬರೇ ಕೂತಿದ್ದರು. ಮುಖದ ಮೇಲೆ ಎಸೆಯುವಷ್ಟು ಧೈರ್ಯ ಬರಲಿಲ್ಲ, ಮೇಜಿನ ಮೇಲೆ ಅವರ ಮುಂದೆಯೇ ಸದ್ದಿಲ್ಲದೆ ಇಟ್ಟೆ. "ಬಂದೆಯಾ? ಕೀಲಿಕೈ ತಂದಿದ್ದೀಯ ತಾನೆ?" ಅಂದರು. ಕೀಲಿಕೈ ಅವರ ಬೆರಳ ತುದಿಯಲ್ಲೇ ಇತ್ತು. ನಾನು ಆಗಲೂ ಅದನ್ನು ನಾಟಕ ಅಂದುಕೊಂಡೆ ನೋಡು. ತಡೆಯಲಾರದೆ ಕೇಳಿಯೇಬಿಟ್ಟೆ. "ಸರ್, ಆ ಗೋಡೆ ನಿಮಗೆ ಕಾಣಲಿಲ್ಲವಾ? ಇಲ್ಲಾ, ಕಾಣಬೇಡ ಅಂತ ಯಾರಾದರೂ ಹೇಳಿದರಾ?" ಕೆಳಗಿನ ಅಂಗಡಿಯಲ್ಲಿ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತಿಗೆ ಹೊಡೆದುಕೊಂಡವು. ಆಮೇಲೆ ಅವರು, "ಕಾಣಲಿಲ್ಲಮ್ಮ. ಗೋಡೆ ಬಿಡು, ಈಗ ನಿನ್ನ ಮುಖವೂ ಕಾಣ್ತಿಲ್ಲ" ಅಂದರು.

ಎರಡೂ ಕಣ್ಣಿಗೆ ಪೊರೆ ಅಪ್ಪಾ. ಬಹಳ ದಿನಗಳಿಂದ ಬೆಳೆದು ಕೂತಿದೆ. ಕಣ್ಣಿನ ಡಾಕ್ಟರು ಆಪರೇಷನ್ ಮಾಡಿಸಿಕೊಳ್ಳಿ ಅಂತ ಹೇಳಿ ಹೇಳಿ ಸೋತಿದ್ದಾರೆ. ಇವರಿಗೆ ಹೆದರಿಕೆ. "ಈಗ ಮಂಜು ಮಂಜಾದರೂ ಬೆಳಕು ಕಾಣುತ್ತೆ. ಕತ್ತಿ ಹಾಕಿ ಅದೂ ಹೋದರೆ? ಬೆಲೆ ಕಟ್ಟುವವನಿಗೆ ಕಣ್ಣಿಲ್ಲ ಅಂತ ಊರಿಗೆ ಗೊತ್ತಾದರೆ?" ಅಂದರು. ಮೊದಲ ಸಲ ಒಬ್ಬರೇ ಹೋದಾಗ ಮಗ ಅವರ ಕೈ ಹಿಡಿದು ಬೀರಿನ ಮೇಲೆ ಇಟ್ಟು ಹಾಲ್‌ನ ಬೀರು ಅಂದಿದ್ದಾನೆ. ಇವರು ಬೆರಳಲ್ಲಿ ಬೀರು ನೋಡಿದರು, ಅದು ಯಾವ ಗೋಡೆಗಿತ್ತು ಅಂತ ನೋಡಲಾಗಲಿಲ್ಲ. ಅವನು ಚಾಲಾಕಿ, ಅಷ್ಟರಲ್ಲೇ ಇವರ ಗುಟ್ಟು ಹಿಡಿದುಬಿಟ್ಟಿದ್ದ. ಗೇಟಿನ ಹತ್ತಿರ ಕಿವಿಯಲ್ಲಿ ಹೇಳಿದ್ದು ಇದನ್ನೇ: "ನಿಮ್ಮ ಕಣ್ಣಿನ ವಿಷಯ ನನ್ನ ಹತ್ತಿರವೇ ಇರುತ್ತೆ ಸರ್, ಬೀರು ಹಾಲ್‌ನಲ್ಲೇ ಇರಲಿ."

ನಾನು ಕೂತುಬಿಟ್ಟೆ. ಇಷ್ಟು ದಿನ ಕಳ್ಳ ಅಂದುಕೊಂಡವರು ಎದುರಿಗೆ ಕೂತು ಭೂತಗನ್ನಡಿಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಆದರೂ, ನಿನ್ನ ಹತ್ತಿರ ಮುಚ್ಚಿಡುವುದೇನು, ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ಕಣ್ಣಿಲ್ಲದ್ದು ನಿಜ, ಸರಿ. ಗೊತ್ತಾದ ಮೇಲೂ ನಾಳೆವರೆಗೂ ಬಾಯಿ ಮುಚ್ಚಿಕೊಂಡಿರು ಅಂದದ್ದೂ ನಿಜ ತಾನೆ? ಅದನ್ನೂ ಕೇಳಿದೆ. "ರಾತ್ರಿಯೆಲ್ಲ ಯೋಚಿಸಬೇಕಿತ್ತು, ನನ್ನ ಮಾನ ಹೋಗೋದಾ, ಆ ಹೆಂಗಸಿನ ಬೀರು ಹೋಗೋದಾ ಅಂತ. ಯೋಚಿಸಬಾರದಿತ್ತು, ಆದರೆ ಯೋಚಿಸಿದೆ" ಅಂದರು. ಏನು ತೀರ್ಮಾನ ಮಾಡಿದಿರಿ ಅಂತ ಕೇಳಿದ್ದಕ್ಕೆ, "ವಕೀಲರಿಗೆ ಫೋನ್ ಹಚ್ಚು, ನಂಬರು ನನಗೆ ಕಾಣಲ್ಲ" ಅಂದರು.

ಆ ವಾರದ ಕೊನೆಗೆ ವಕೀಲರು ಎಲ್ಲರನ್ನೂ ಅದೇ ಹಾಲ್‌ನಲ್ಲಿ ಕೂರಿಸಿದರು. ಸರ್ ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಎದ್ದು ನಿಂತರು. "ಹೋದ ಸಲ ಈ ಬೀರು ಹಾಲ್‌ನದ್ದು ಅಂತ ಹೇಳಿದ್ದೆ. ಅದು ನಾನು ನೋಡಿ ಹೇಳಿದ್ದಲ್ಲ, ಡಾಕ್ಟರ ಮಗ ಹೇಳಿದ್ದನ್ನ ಹೇಳಿದ್ದು. ನನಗೆ ಕಣ್ಣು ಕಾಣಲ್ಲ. ಕಾಣುವವಳು ಇವಳು. ಇವಳು ಹೇಳ್ತಾಳೆ" ಅಂತ ಹೇಳಿ ಕೂತುಬಿಟ್ಟರು. ಕುರ್ಚಿ ಎಲ್ಲಿದೆ ಅಂತ ಹಿಂದೆ ಕೈಯಿಂದ ತಡಕಿ ಕೂತದ್ದನ್ನು ಎಲ್ಲರೂ ನೋಡಿದರು. ಆ ಮನುಷ್ಯ ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದ ಗುಟ್ಟು ಅದು.

ನಾನು ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದೆ, ಮಂಚ ಸರಿಸಿದೆ, ಗೀರಿನ ಮೇಲಿನ ಮೇಣವನ್ನು ಉಗುರಿನಲ್ಲಿ ಕೆರೆದೆ. ಮಗ ಕೂಗಾಡಿದ. "ಕುರುಡನ ಮಾತು, ನಿನ್ನೆ ಮೊನ್ನೆ ಬಂದವಳ ಮಾತು ಕೇಳಿಕೊಂಡು ನಮ್ಮಪ್ಪನ ಬೀರು ಕೆಲಸದವಳಿಗೆ ಕೊಡಬೇಕಾ?" ಅಂದ. ವಕೀಲರು ಬೀದಿಯಿಂದ ಹಮಾಲಿಗಳನ್ನು ಕರೆಸಿದರು. ಬೀರು ಜರುಗಿಸಿದ ಕೂಡಲೇ ಹಿಂದೆ ಸ್ವಿಚ್ಚು ಕಂಡಿತು. ಅದರ ಸುತ್ತ ಗೋಡೆಯೆಲ್ಲ ಬೆರಳು ಮುಟ್ಟಿ ಮುಟ್ಟಿ ಎಣ್ಣೆಗಪ್ಪಾಗಿತ್ತು. ಮಗಳು ಹೋಗಿ ಒತ್ತಿದಳು. ಹಾಲ್ ತುಂಬ ಬೆಳಕಾಯಿತು. ಅವಳು ಅಣ್ಣನ ಕಡೆ ತಿರುಗಿ, "ದೀಪ ಕೆಟ್ಟಿದೆ ಅಂದೆಯಲ್ಲ ನನಗೆ" ಅಂದಳು. ಅಷ್ಟೇ ಅಂದದ್ದು, ಆದರೆ ಅವನು ಆಮೇಲೆ ಕೂಗಾಡಲಿಲ್ಲ. ಬೀರನ್ನು ಹಿಂದಿನ ಕೋಣೆಗೆ ಒಯ್ದು ಗೋಡೆಗೆ ನಿಲ್ಲಿಸಿದರು. ಕಾಲುಗಳು ಗುಳಿಗಳಲ್ಲಿ ಕಟಕ್ಕಂತ ಕೂತವು. ಹೊಲಿಗೆಯ ನೂಲು, ಗುಂಡಿ, ಡಾಕ್ಟರ ಮಾತ್ರೆ ಎಲ್ಲ ಇಡುವುದಕ್ಕೆ ಅಂತ ಅವರೇ ಅದನ್ನು ಕ್ಲಿನಿಕ್ಕಿನಿಂದ ಅವಳ ಕೋಣೆಗೆ ಹಾಕಿಸಿದ್ದರಂತೆ, ಅವರು ಇನ್ನೂ ಓಡಾಡಿಕೊಂಡಿದ್ದಾಗಲೇ.

ನರ್ಸಮ್ಮ ಅತ್ತಾಳು, ಬೀರು ತಬ್ಬಿಕೊಂಡಾಳು ಅಂತ ನಾನು ಕಾದೆ. ಅವಳು ಒಂದು ಡ್ರಾಯರು ಎಳೆದು, ಖಾಲಿ ಇದೆ ಅಂತ ನೋಡಿ, ಮುಚ್ಚಿ, "ಇದನ್ನ ಮಾರಿಸಿಕೊಡ್ತೀರಾ? ನನಗೆ ಬೀರು ಬೇಡ, ಇರೋಕೆ ಮನೆ ಬೇಕು" ಅಂದಳು. ಇಷ್ಟು ಬೇಗ ಮಾರುತ್ತಾಳಾ, ಇದರಲ್ಲೇನೋ ಇದೆ ಅಂತ ನನಗೆ ಮತ್ತೆ ಚುರ್ ಅಂತು. ಆಮೇಲೆ ಯೋಚಿಸಿದೆ, ವಾರದಲ್ಲಿ ಕೋಣೆ ಖಾಲಿ ಮಾಡಬೇಕಾದವಳು ಬೀರು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಅದಕ್ಕೆ ಬೆಲೆ ಕಟ್ಟಿದ್ದು ನಾನೇ, ಒಬ್ಬಳೇ. ಸರ್ ಕೇಳಿ, "ಗಾಜಿಗೆ ಸ್ವಲ್ಪ ಕಡಿಮೆ ಹಿಡಿದಿದ್ದೀಯ" ಅಂದರು, ಆಮೇಲೆ ಒಪ್ಪಿದರು. ಒಳ್ಳೆಯ ಗಿರಾಕಿಯೇ ಸಿಕ್ಕ. ನರ್ಸಮ್ಮ ಈಗ ಬೇಕರಿಯ ಮೇಲೆ ಒಂದು ಕೋಣೆ ಮಾಡಿಕೊಂಡು ಹೊಲಿಗೆ ಹಾಕುತ್ತಿದ್ದಾಳೆ. ಅತ್ತೆ ಒಂದು ರವಿಕೆ ಕೊಟ್ಟು ಬಂದರು. ಬಟ್ಟೆ ಉಳಿಸಿಕೊಂಡಳಾ ಅಂತ ಅಳೆದು ನೋಡಿದರಂತೆ, ಮಿಕ್ಕ ತುಂಡನ್ನೂ ಮಡಚಿ ವಾಪಸು ಕೊಟ್ಟಿದ್ದಳಂತೆ!

ಆ ಮಗ ಸುಮ್ಮನಿರಲಿಲ್ಲ. ಭೂತಗನ್ನಡಿಗೆ ಕಣ್ಣಿಲ್ಲ ಅಂತ ಬೀದಿಯೆಲ್ಲ ಸಾರಿಕೊಂಡು ಬಂದ. ಎರಡು ಮನೆಯವರು ಬರಬೇಡಿ ಅಂದರು. ನಿನ್ನೆ ಒಬ್ಬರು ಮೆಟ್ಟಿಲು ಹತ್ತಿ ಬಂದು, "ಇಲ್ಲಿ ಕಣ್ಣಿರುವವರು ಯಾರಾದರೂ ಇದ್ದೀರಾ?" ಅಂತ ಕೇಳಿದರು. ಸರ್ ಮುಖ ನೋಡಲಾಗಲಿಲ್ಲ. ನಾನಿದ್ದೀನಿ ಅಂದೆ. ಅವರ ಅಜ್ಜನ ಪಿಯಾನೋ ನೋಡಬೇಕಂತೆ, ಮಂಗಳವಾರ ಹೋಗಬೇಕು. ಅವರನ್ನು ಆ ಮಗನೇ ಕಳಿಸಿರಬಹುದಾ ಅಂತ ನನಗೆ ಸಣ್ಣ ಅನುಮಾನ ಇದೆ. ಬೂಟು ಬಹಳ ಹೊಸದು, ಅಜ್ಜ ಸತ್ತ ಮುಖ ಅಲ್ಲ. ಹೋಗಿ ನೋಡಿದರೆ ಗೊತ್ತಾಗುತ್ತೆ. ಕೀಲಿಕೈ ಮತ್ತೆ ನನ್ನ ಹತ್ತಿರವೇ ಇದೆ, ಅತ್ತೆಗೆ ಇನ್ನೂ ಸಮಾಧಾನ ಇಲ್ಲ. ಕಣ್ಣಿಲ್ಲದವರನ್ನು ಜಾಸ್ತಿ ನಂಬಬಾರದು, ಅವರಿಗೆ ಕಿವಿ ಜಾಸ್ತಿ ಅಂತಾರೆ.

ಕೈಗೆ ನೀರು ಸೋಕಿಸಬೇಡ, ಮುಲಾಮು ಹಚ್ಚುವುದನ್ನು ನಡುವೆ ಬಿಡಬೇಡ. ಮುಂದಿನ ಬಂದರು ಯಾವುದು, ಯಾವಾಗ ಅಂತ ಬರಿ, ಅತ್ತೆ ನಿನಗೆ ಹೆಣೆದ ಸ್ವೆಟರು ಕಳಿಸಬೇಕು. ಒಂದು ತೋಳು ಉದ್ದ ಆಗಿದೆ, ಗೊತ್ತಾಗದ ಹಾಗೆ ಹಾಕಿಕೊಳ್ಳಬೇಕಂತೆ. ಅವರ ಆಶೀರ್ವಾದ ನಿನಗೂ, ನಿನ್ನ ಜೊತೆಯ ಆ ಗೊರಕೆಯ ಸಹಾಯಕನಿಗೂ. ಸಮುದ್ರ ತಣ್ಣಗಿರಲಿ, ನೀನು ಬೆಚ್ಚಗಿರು.

ನಿನ್ನ ತರಲೆ

ತಾ.ಕ. ಪತ್ರವನ್ನು ಅಂಚೆಪೆಟ್ಟಿಗೆಗೆ ಹಾಕಲು ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತೀನಿ. ಇಷ್ಟು ಉದ್ದ ಬರೆದೆ, ಹೇಳಬೇಕಾದದ್ದನ್ನು ಹೇಳಲು ಧೈರ್ಯ ಬರಲಿಲ್ಲ. ಗುರುವಾರ ಸರ್ ಒಂದು ಕಣ್ಣಿಗೆ ಆಪರೇಷನ್. ಕೊನೆಗೂ ಒಪ್ಪಿದರು, ನಾನು ಜೊತೆಗಿರುತ್ತೀನಿ ಅಂದ ಮೇಲೆ. ನಿನ್ನೆ ಸಂಜೆ ಆಸ್ಪತ್ರೆಗೆ ಹೆಸರು ಬರೆಸಲು ಹೋಗಿದ್ದೆವು. ಕೌಂಟರಿನ ಹುಡುಗಿ, ರೋಗಿಯ ಕಡೆಯವರು ಯಾರು, ಏನಾಗಬೇಕು ಅಂತ ಕೇಳಿದಳು. ಸರ್‌ಗೆ ಯಾರೂ ಇಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು "ಮಗಳು" ಅಂದೆ. ಅವಳು ಬರೆದುಕೊಂಡಳು. ಬಸ್‌ಸ್ಟಾಪಿನಲ್ಲಿ ಅವರು ಮೆಲ್ಲಗೆ, "ನಿಮ್ಮಪ್ಪ ಏನಂದುಕೊಳ್ತಾರಮ್ಮ?" ಅಂತ ಕೇಳಿದರು. ಬರೆದು ಕೇಳ್ತೀನಿ ಅಂದೆ. ಕೇಳ್ತಾ ಇದ್ದೀನಿ ಅಪ್ಪಾ.